ಸಾವ್ಕಾರರ ನೂಲು, ಅಪ್ಪನ ಕಾಯಕ

(ಶ್ರಾವಣ ಮಾಸದ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತುಗಳ ಬರಹರೂಪ)

 

ಕಾಯಕದ ಬಗ್ಗೆ ಮಾತನಾಡಬೇಕೆಂದು ಪೂಜ್ಯರು ಹೇಳಿ ಕಳಿಸಿದಾಗ ನನಗೆ ಅಂಜಿಕೆಯಾಯಿತು. ಈ ವೇದಿಕೆಯ ಮೇಲೆ ದೊಡ್ಡ ದೊಡ್ಡ ವಿದ್ವಾಂಸರು ಮಾತಾಡಿ ಹೋಗಿದ್ದಾರೆ. ನಾನು 35 ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಕಲಿಸಿದವನು. ವಚನಗಳನ್ನು ಓದಿದ್ದೇನೆ, ಬಿಡಿಸಿ ಹೇಳುವ ಯೋಗ್ಯತೆ ಇಲ್ಲ. ಅದಕ್ಕೆ ಪೂಜ್ಯರಲ್ಲಿ ಕೇಳಿಕೊಂಡೆ: "ಬುದ್ಧೀ, ಕಾಯಕದ ತತ್ವ ನನಗೆ ಬರೋದಿಲ್ಲ. ಕಾಯಕ ಮಾಡಿದ ಒಬ್ಬ ಮನುಷ್ಯನ ಬಗ್ಗೆ ಹೇಳಲೇನು?" ಆಗಲಿ ಎಂದರು. ಆ ಮನುಷ್ಯ ನಮ್ಮಪ್ಪ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಅಪ್ಪ ಬಂದ, ಅಪ್ಪ ಹೋದ ಎನ್ನುವುದೇ ರೂಢಿ. ಏಕವಚನ ಹಚ್ಚಿದೆನೆಂದು ಯಾರೂ ಬೇಸರಪಡಬೇಡಿ. ಬಹುವಚನ ಹಚ್ಚಿದರೆ ಅವನು ನನಗೆ ಬೇರೆ ಯಾರೋ ಆಗಿಬಿಡುತ್ತಾನೆ.

ನಮ್ಮದು ಇಳಕಲ್ ಹತ್ತಿರದ ಒಂದು ಹಳ್ಳಿ. ಈಗ ಬಾಗಲಕೋಟೆ ಜಿಲ್ಲೆ, ನಾನು ಹುಟ್ಟಿದಾಗ ವಿಜಾಪುರ ಜಿಲ್ಲೆ. ಕೂಡಲಸಂಗಮ ನಮಗೆ ದೂರವಲ್ಲ. ವರ್ಷಕ್ಕೊಮ್ಮೆ ಅಪ್ಪ ನಮ್ಮನ್ನೆಲ್ಲ ಕಟ್ಟಿಕೊಂಡು ಸಂಗಮಕ್ಕೆ ಹೋಗಿ ಬರುತ್ತಿದ್ದ. ಮನೆ ಎಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ. ಪಡಸಾಲೆಯ ತುಂಬ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟಕ್ಕೆ ಕುಳಿತು ನೇಯುವ ಮಗ್ಗ. ಮನುಷ್ಯ ಸೊಂಟದವರೆಗೆ ಭೂಮಿಯೊಳಗೆ ಇರುತ್ತಾನೆ. ಬಾಗಿಲಿನಿಂದ ನೋಡಿದವರಿಗೆ ಅರ್ಧ ಮನುಷ್ಯ ಕಾಣುತ್ತಾನೆ. ನಾವು ಉಣ್ಣುವುದು, ಮಲಗುವುದು, ಓದುವುದು ಎಲ್ಲ ಮಗ್ಗದ ಸುತ್ತ ಉಳಿದ ಜಾಗದಲ್ಲಿ. ಮಳೆಗಾಲದಲ್ಲಿ ಕುಣಿಯೊಳಗೆ ನೀರು ಜಿನುಗುತ್ತಿತ್ತು. ಗೋಣಿಚೀಲ ಹಾಸಿ ಅದರ ಮೇಲೆ ಕಾಲಿಡುತ್ತಿದ್ದ. ಬ್ಯಾಸಗಿಯಲ್ಲಿ ಒಣಗಾಳಿಗೆ ಎಳೆ ಪಟಪಟನೆ ಹರಿಯುತ್ತಿತ್ತು. ಆಗ ನೆಲಕ್ಕೆ ನೀರು ಚಿಮುಕಿಸಬೇಕು. ಒಂದು ಋತುವಿನಲ್ಲಿ ಬೇಡವಾದ ನೀರು ಇನ್ನೊಂದರಲ್ಲಿ ಬೇಕು.

ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಿದ್ದ. ತಣ್ಣೀರ ಸ್ನಾನ, ವಿಭೂತಿ, ಇಷ್ಟಲಿಂಗ ಪೂಜೆ. ಪೂಜೆಗೆ ಬಹಳ ಹೊತ್ತೇನೂ ಹಿಡಿಯುತ್ತಿರಲಿಲ್ಲ. ಲಿಂಗವನ್ನು ಅಂಗೈಯಲ್ಲಿಟ್ಟು ನೋಡುತ್ತ ಕುಳಿತಾಗ ಅವನ ಮುಖ ಎಳೆ ಎಣಿಸುವಾಗ ಇದ್ದಂತೆಯೇ ಇರುತ್ತಿತ್ತು. ಆಮೇಲೆ ಕುಣಿಗೆ ಇಳಿದರೆ ಅವ್ವ ರೊಟ್ಟಿ ಬಡಿಯುವವರೆಗೆ ಮೇಲೆ ಬರುತ್ತಿರಲಿಲ್ಲ. ಲಾಳಿಯ ಸಪ್ಪಳ ಕೇಳುತ್ತಲೇ ನಾವು ಎಚ್ಚರಾಗುತ್ತಿದ್ದೆವು. ಸಪ್ಪಳ ನಿಂತರೂ ಎಚ್ಚರಾಗುತ್ತಿದ್ದೆವು.

ಅಮಾವಾಸ್ಯೆಗೆ ಮಗ್ಗ ಬಂದ್. ನಾನು ಮಠದ ಪ್ರಸಾದ ನಿಲಯದಲ್ಲಿ ನಾಲ್ಕು ಅಕ್ಷರ ಕಲಿತು ಬಂದ ಮೇಲೆ ಒಮ್ಮೆ ಕೇಳಿದೆ: "ಅಪ್ಪಾ, ಲಿಂಗ ಕಟ್ಟಿದವರಿಗೆ ಅಮಾಸಿ ಏನು, ಹುಣ್ಣಿವಿ ಏನು? ಎಲ್ಲಾ ದಿನಾನೂ ಒಂದ ಅಲ್ಲೇನು?" ಅಪ್ಪ ನಕ್ಕ. "ದೆವ್ವಕ್ಕ ಅಂಜಿ ಬಿಟ್ಟಿಲ್ಲೋ ತಮ್ಮಾ. ಸೊಂಟಕ್ಕ ತಿಂಗಳಿಗೊಂದು ದಿನಾ ಬ್ಯಾಡೇನು? ಅಮಾಸಿ ಅಂದ್ರ ಸಾವ್ಕಾರ ಸುಮ್ಮನಿರ್ತಾನ. ಸೊಂಟ ನೋಯ್ತೈತಿ ಅಂದ್ರ ಸುಮ್ಮನಿರ್ತಾನೇನು?" ಸುಧಾರಣೆಯ ಮಾತಾಡುವಾಗ ನಾವು ಇಂಥವನ್ನೂ ಸ್ವಲ್ಪ ಗಮನಿಸಬೇಕು. ಕೆಲವು ಮೂಢನಂಬಿಕೆಗಳ ಅಡಿಯಲ್ಲಿ ಬಡವರು ತಮ್ಮ ಒಂದು ರಜೆಯನ್ನು ಬಚ್ಚಿಟ್ಟುಕೊಂಡಿರುತ್ತಾರೆ.

ಇಳಕಲ್ ಸೀರೆ ನೀವೆಲ್ಲ ಕಂಡದ್ದೇ. ಇಲ್ಲಿ ಕುಳಿತ ತಾಯಂದಿರಲ್ಲಿ ಎಷ್ಟೋ ಜನ ಉಟ್ಟುಕೊಂಡೇ ಬಂದಿದ್ದೀರಿ. ಕೆಂಪು ರೇಷ್ಮೆಯ ಸೆರಗು, ಅದರ ಮೇಲೆ ಬಿಳಿಯ ತೋಪುತೆನೆ, ದಡಿಯಲ್ಲಿ ಗೋಮಿ, ಪರಾಸಪೇಟಿ, ಗಾಡಿ, ಚಿಕ್ಕಿ ಎಂದು ಬೇರೆ ಬೇರೆ. ಆದರೆ ಉಡುವವರಿಗೆ ಗೊತ್ತಿಲ್ಲದ್ದು ಒಂದಿದೆ, ಅದು ಕೊಂಡಿ. ಬೇರೆ ಹೆಚ್ಚಿನ ಸೀರೆಗಳಲ್ಲಿ ಉದ್ದಕ್ಕೂ ಹಾಸು ಒಂದೇ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಯೊಳಗೆ ಕೊಂಡಿಯಂತೆ ಸಿಕ್ಕಿಸಿ ಕೂಡಿಸಬೇಕು. ಹೀಗೆ ಸಾವಿರಾರು ಎಳೆ, ಅದೂ ಕೈಯಿಂದ. ಒಂದು ಎಳೆ ತಪ್ಪಿದರೂ ಅಲ್ಲಿ ಸೆರಗು ಜಗ್ಗುತ್ತದೆ. ಅದಕ್ಕೇ ಒಂದೊಂದು ಸೀರೆಗೂ ಒಂದೊಂದು ಹಾಸು ತಯಾರಾಗಬೇಕು. ಒಂದೇ ಹಾಸಿನಲ್ಲಿ ಹತ್ತು ಸೀರೆ ಎಳೆದು ಬಿಸಾಕಲು ಬರುವುದಿಲ್ಲ.

ಈ ಕೊಂಡಿ ಹಾಕುವವಳು ಅವ್ವ. ಕಂಡಿಕೆ ಸುತ್ತುವವಳೂ ಅವಳೇ, ಹಾಸಿಗೆ ಗಂಜಿ ಕೊಡುವಾಗ ಇನ್ನೊಂದು ತುದಿ ಹಿಡಿಯುವವಳೂ ಅವಳೇ. ನೇಕಾರ ಎಂದರೆ ಜನ ಅಪ್ಪನನ್ನು ತೋರಿಸುತ್ತಿದ್ದರು. ಕೂಲಿಯ ಚೀಟಿಯಲ್ಲೂ ಅಪ್ಪನ ಹೆಸರೊಂದೇ. ಆದರೆ ಬಾಗಿಲ ಬೆಳಕಿಗೆ ಕುಳಿತು, ಮೊಣಕಾಲ ಮೇಲೆ ಎಳೆಗಳನ್ನು ಹರವಿಕೊಂಡು, ಬೆರಳ ತುದಿಯಿಂದ ಒಂದೊಂದನ್ನೇ ಹುಡುಕಿ ಸಿಕ್ಕಿಸುತ್ತಿದ್ದ ಅವ್ವನ ಕೆಲಸವಿಲ್ಲದೆ ಅಪ್ಪನ ಮಗ್ಗ ಒಂದು ಗೇಣು ಮುಂದೆ ಹೋಗುತ್ತಿರಲಿಲ್ಲ. ಸತಿಪತಿ ಸೇರಿ ಮಾಡುವ ಭಕ್ತಿಯ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಕೂಲಿಚೀಟಿಯಲ್ಲಿ ಸತಿಯ ಹೆಸರು ಯಾಕಿಲ್ಲ ಎಂದು ನಾನೂ ಕೇಳಲಿಲ್ಲ. ಶಿಕ್ಷಕನಾದ ಮೇಲೂ ಕೇಳಲಿಲ್ಲ.

ಇನ್ನೊಂದು ಸಂಗತಿ. ಅಪ್ಪ ಅಷ್ಟು ವರ್ಷ ನೇಯ್ದ ಸೀರೆಗಳಲ್ಲಿ ಒಂದೇ ಒಂದು ನಮ್ಮ ಮನೆಯಲ್ಲಿ ಇರಲಿಲ್ಲ. ಅವ್ವ ಉಡುತ್ತಿದ್ದದ್ದು ಸಂತೆಯ ಅಗ್ಗದ ಸೀರೆ. ಯಾಕೆಂದರೆ ನೂಲು ಸಾವ್ಕಾರರದು, ರೇಷ್ಮೆ ಸಾವ್ಕಾರರದು, ಬಣ್ಣ ಸಾವ್ಕಾರರದು. ವಾರಕ್ಕೊಮ್ಮೆ ಅಪ್ಪ ಇಳಕಲ್‌ಗೆ ನಡೆದು ಹೋಗಿ ನೂಲು ತೂಗಿಸಿಕೊಂಡು ಬರುತ್ತಿದ್ದ. ಸೀರೆ ಒಪ್ಪಿಸುವಾಗ ಮತ್ತೆ ತೂಕ. ಕೈಗೆ ಬರುವುದು ಕೂಲಿ. ನಡುವೆ ಮುಂಗಡ ಎಂಬುದೊಂದು ಇರುತ್ತಿತ್ತು. ಅಕ್ಕನ ಮದುವೆಗೆ, ಮನೆಯ ಮಾಳಿಗೆ ಸೋರಿದಾಗ, ನನ್ನ ಶಿಕ್ಷಕರ ತರಬೇತಿಗೆ ಎಂದು ತೆಗೆದುಕೊಂಡ ಆ ಬಾಕಿ ತೀರಿತು ಎಂಬ ದಿನ ನಮ್ಮ ಮನೆಯಲ್ಲಿ ಬರಲೇ ಇಲ್ಲ.

ಜೇಡರ ದಾಸಿಮಯ್ಯನವರ ಕಥೆ ನಿಮಗೆಲ್ಲ ಗೊತ್ತು. ಮುದನೂರಿನ ಶರಣರು, ನೇಯ್ಗೆಯ ಕಾಯಕ. ನೇಯ್ದ ಬಟ್ಟೆ ಹೊತ್ತು ಸಂತೆಗೆ ಹೋದರು, ಮಾರಾಟವಾಗಲಿಲ್ಲ. ಮರಳಿ ಬರುವಾಗ ಮುದುಕ ಜಂಗಮನೊಬ್ಬ ಎದುರಾಗಿ ಬಟ್ಟೆ ಕೇಳಿದ. ಕೊಟ್ಟರು. ಆ ಜಂಗಮ ಅದನ್ನು ಹರಿದು ಚಿಂದಿ ಮಾಡಿದ. ದಾಸಿಮಯ್ಯನವರು ಸಿಟ್ಟಾಗಲಿಲ್ಲ. ಕಡೆಗೆ ಅವರಿಗೆ ಎಂದೂ ಬರಿದಾಗದ ತವನಿಧಿ ದೊರೆಯಿತು ಎಂದು ಪುರಾಣ ಹೇಳುತ್ತದೆ. ನಮ್ಮೂರಿನಲ್ಲಿ ಒಂದು ಶ್ರಾವಣದಲ್ಲಿ ಈ ಕಥೆ ಕೇಳಿ ಎಲ್ಲರೂ ತಲೆದೂಗಿದರು. ಮನೆಗೆ ಬಂದ ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಹೇಳಿದ: "ದಾಸಿಮಯ್ಯ ಪುಣ್ಯವಂತ. ನೇಯ್ದದ್ದು ಅವನ ಸ್ವಂತದ್ದಿತ್ತು, ಜಂಗಮಗ ಕೊಟ್ಟ. ನನ್ನ ಮುಂದ ಶಿವನ ಬಂದು ಕೈ ಒಡ್ಡಿದ್ರೂ ಸಾವ್ಕಾರನ್ನ ಕೇಳಿ ಹೇಳ್ತೀನಿ ಅನ್ನಬೇಕು."

ಈ ಮಾತು ನನ್ನನ್ನು ಐವತ್ತು ವರ್ಷದಿಂದ ಬಿಟ್ಟಿಲ್ಲ. ಶರಣರ ಕಾಲದ ಕಾಯಕಜೀವಿಗೆ ಅವನ ಕಸುಬಿನ ಫಲ ಅವನದಾಗಿತ್ತು. ಹಾಗಾಗಿ ಕಾಯಕದ ಬೆನ್ನಿಗೇ ದಾಸೋಹ ಬಂತು. ಫಲವೇ ಇನ್ನೊಬ್ಬರದಾದ ಮೇಲೆ ಕಾಯಕ ಮಾಡುವವನು ಏನನ್ನು ದಾಸೋಹ ಮಾಡಬೇಕು? ಅಪ್ಪ ಕಂಡುಕೊಂಡ ದಾರಿ ಹೀಗಿತ್ತು: ಕೂಲಿಯ ದಿನ ತಂದ ಜೋಳದಲ್ಲಿ ಅಳತೆಗೆ ಮೊದಲೇ ಒಂದು ಬೊಗಸೆ ತೆಗೆದಿಡುವುದು, ಮಠದ ಜಾತ್ರೆಗೆ ಅದನ್ನು ಒಯ್ದು ಕೊಡುವುದು, ಅಲ್ಲಿ ದಾಸೋಹದ ಪಂಕ್ತಿಯಲ್ಲಿ ಕಡೆಯವರೆಗೆ ನಿಂತು ಬಡಿಸುವುದು. ಮೈಯಾದರೂ ತನ್ನದು ಎಂಬ ಲೆಕ್ಕ.

ಈಗ ಹೇಳುವುದನ್ನು ನಾನು ಇದುವರೆಗೆ ಯಾವ ಸಭೆಯಲ್ಲೂ ಹೇಳಿಲ್ಲ. 1972ರ ಬರ. ನನಗೆ ಆಗ ಹನ್ನೆರಡು ವರ್ಷ. ಊರಿನ ಅರ್ಧ ಜನ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋಗುತ್ತಿದ್ದರು. ಸೀರೆ ಕೊಳ್ಳುವವರಿಲ್ಲದೆ ಸಾವ್ಕಾರರು ನೂಲು ಕೊಡುವುದನ್ನು ಕಡಿಮೆ ಮಾಡಿದ್ದರು. ನಮ್ಮ ತಂಗಿಗೆ ಜ್ವರ ಬಂದು ಹತ್ತು ಹನ್ನೆರಡು ದಿನವಾದರೂ ಇಳಿಯಲಿಲ್ಲ. ಹುನಗುಂದದ ಡಾಕ್ಟರಿಗೆ ತೋರಿಸಬೇಕು, ಕೈಯಲ್ಲಿ ದುಡ್ಡಿಲ್ಲ. ಆಗ ಅವ್ವ ಒಂದು ಕೆಲಸ ಮಾಡಿದಳು. ಸೆರಗಿನ ರೇಷ್ಮೆಯಲ್ಲಿ ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಒಂದು ಲಡಿ ಕಟ್ಟಿ ಜೋಳದ ಗಡಿಗೆಯಲ್ಲಿ ಇಟ್ಟಿದ್ದಳು. ತೂಕದಲ್ಲಿ ಗೊತ್ತಾಗದಂತೆ ಗಂಜಿ ತುಸು ದಪ್ಪ ಕೊಟ್ಟರೆ ಆಯಿತು. ಇದು ಎಲ್ಲ ನೇಕಾರರಿಗೂ ಗೊತ್ತಿದ್ದ ಉಪಾಯ. ಅದನ್ನು ಮಾರಿದರೆ ಡಾಕ್ಟರ ಖರ್ಚು ಹೊರಡುತ್ತಿತ್ತು.

ಜೋಳ ತೆಗೆಯಲು ಗಡಿಗೆಗೆ ಕೈ ಹಾಕಿದ ಅಪ್ಪನಿಗೆ ಲಡಿ ಸಿಕ್ಕಿತು. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ನಡೆದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. ಅಪ್ಪ ಬೈಯಲಿಲ್ಲ. ಆಯ್ದಕ್ಕಿ ಲಕ್ಕಮ್ಮನ ಹೆಸರು ತೆಗೆದ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆ ದಂಪತಿಗಳ ಕಥೆ ನಮ್ಮ ಭಾಗದ ಮನೆಮನೆಯ ಕಥೆ. ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಇಷ್ಟು ಬೇಡ, ಹೋಗಿ ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳಲ್ಲ, ಅದನ್ನು ನೆನಪಿಸಿದ.

ಅವ್ವ ಓದಿದವಳಲ್ಲ. ಆದರೆ ಅವಳು ಕೊಟ್ಟ ಉತ್ತರ ನೋಡಿ: "ಲಕ್ಕಮ್ಮ ಹೆಚ್ಚಿನ ಅಕ್ಕಿ ಹೊಳ್ಳಿ ಕಳಸಿದ್ಳು, ಖರೇ. ದಿನದ ಪಾಲಿನ ಅಕ್ಕಿ ದಿನಾ ಬರ್ತಿತ್ತು, ಅದಕ್ಕ ಕಳಸಿದ್ಳು. ನಮ್ಮ ಪಾಲಿಂದ ನಮಗ ಪೂರಾ ಬರ್ತೈತೇನ್ರಿ? ನಾ ಹಾಕಿದ ಕೊಂಡಿಗೆ ಯಾರು ಕೂಲಿ ಕೊಟ್ಟಾರ? ಹೇಳ್ರಿ."

ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ಕಂದೀಲಿನ ಬತ್ತಿ ಇಳಿಸಿ ಮಲಗಿದ. ಮಲಗಿದ ಅಷ್ಟೇ, ನಿದ್ದೆ ಮಾಡಲಿಲ್ಲ. ಬೆಳಗಿನ ಪೂಜೆಗೆ ಕುಳಿತವನು ಎಂದಿಗಿಂತ ಬಹಳ ಹೊತ್ತು ಕುಳಿತ. ಆಮೇಲೆ ಲಡಿಯನ್ನು ಹೆಗಲ ಮೇಲಿನ ವಸ್ತ್ರದಲ್ಲಿ ಕಟ್ಟಿಕೊಂಡು ಇಳಕಲ್‌ಗೆ ಹೊರಟ. ನನ್ನನ್ನೂ ಕರೆದುಕೊಂಡು ಹೋದ. ಯಾಕೆಂದು ಆಗ ತಿಳಿಯಲಿಲ್ಲ. ಸಾವ್ಕಾರರ ಗಾದಿಯ ಮುಂದೆ ಲಡಿ ಇಟ್ಟು, ನಡೆದದ್ದನ್ನು ಮುಚ್ಚಿಡದೆ ಹೇಳಿದ. ಅವ್ವನ ಹೆಸರು ಹೇಳದೆ "ನಮ್ಮ ಮನ್ಯಾಗ ಆತು" ಎಂದಷ್ಟೇ ಹೇಳಿದ. ಕಡೆಗೆ ಅಂದ:

"ಸಾವ್ಕಾರ್ರ, ಇದು ನಿಮ್ಮದು, ನಿಮಗ ಕೊಟ್ಟೀನಿ. ಕೊಂಡಿ ಹಾಕಿದ ಕೂಲಿ ನಮ್ಮದು, ನಮಗ ಕೊಡ್ರಿ."

ಗಾದಿಯ ಮೇಲೆ ಕುಳಿತವರು ನಕ್ಕರು. ಕೊಂಡಿಗೆ ಬೇರೆ ಕೂಲಿ ಎಲ್ಲಾದರೂ ಉಂಟೇ, ಅದು ನೇಯ್ಗೆಯೊಳಗೇ ಬಂತು, ಬರಗಾಲದಲ್ಲಿ ನೂಲು ಕೊಡುವುದೇ ಹೆಚ್ಚು, ಎಂದರು. ಕಳ್ಳತನ ಒಪ್ಪಿಕೊಂಡವನು ಕೂಲಿ ಕೇಳುತ್ತಾನಲ್ಲ ಎಂದು ಲೆಕ್ಕ ಬರೆಯುವವನೂ ಒಂದು ಮಾತು ಸೇರಿಸಿದ. ಅಪ್ಪ ನೂಲು ತೆಗೆದುಕೊಳ್ಳದೆ ಎದ್ದು ಬಂದ. ಹದಿನೈದು ದಿನ ಮಗ್ಗ ಖಾಲಿ. ಅಪ್ಪನೂ ಕಲ್ಲು ಒಡೆಯಲು ಹೋದ. ಆ ಕೂಲಿಯಲ್ಲಿ ತಂಗಿಗೆ ಔಷಧ ಬಂತು. ದೇವರ ದಯೆಯೋ ಡಾಕ್ಟರ ಔಷಧವೋ, ಬದುಕಿದಳು. ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾಳೆ. ಬದುಕದೆ ಹೋಗಿದ್ದರೆ ನಾನು ಈ ಕಥೆಯನ್ನು ಇಷ್ಟು ಅಭಿಮಾನದಿಂದ ಹೇಳುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ಸಿಕ್ಕಿಲ್ಲ. ಕೊಂಡಿಯ ಕೂಲಿ ಬಂದದ್ದು ಒಂದೂವರೆ ವರ್ಷದ ಮೇಲೆ, ಸುತ್ತಲಿನ ಹಳ್ಳಿಗಳ ನೇಕಾರರೆಲ್ಲ ಒಟ್ಟಾಗಿ ಕೇಳಿದ ಮೇಲೆ. ಸೀರೆಗೆ ಎಂಟಾಣೆ. ಆ ಮೊದಲ ಎಂಟಾಣೆಯನ್ನು ಅಪ್ಪ ತಂದು ಅವ್ವನ ಅಂಗೈಯಲ್ಲಿ ಇಟ್ಟ. ಅವ್ವ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು, ಮಾತಾಡಲಿಲ್ಲ.

ನಾವು ಸಭೆಗಳಲ್ಲಿ ಕಾಯಕದ ಮಹಿಮೆ ಹೇಳುವಾಗ ನನಗೆ ಆ ಗಾದಿ ನೆನಪಾಗುತ್ತದೆ. ಕೂಲಿ ಕೇಳಿದವನಿಗೆ "ಕಾಯಕ ಮಾಡಪ್ಪಾ, ಫಲ ಕೇಳಬೇಡ" ಎಂದು ಉಪದೇಶ ಮಾಡುವ ಭಕ್ತರನ್ನು ಕಂಡಿದ್ದೇನೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ತಕ್ಕಡಿ. ಅಂಥವರು ಎಲ್ಲ ಊರಿನಲ್ಲೂ ಇದ್ದಾರೆ. ಇಲ್ಲಿ ಯಾರೂ ಇಲ್ಲವೆಂದು ತಿಳಿಯುತ್ತೇನೆ.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡಬೇಕು. ಎಂಟನೆಯ ಇಯತ್ತೆಗೆ ಪಟ್ಟಣದ ಶಾಲೆ ಸೇರುವಾಗ ಫಾರ್ಮಿನಲ್ಲಿ "ತಂದೆಯ ಉದ್ಯೋಗ" ಎಂಬಲ್ಲಿ ನಾನು "ವ್ಯಾಪಾರ" ಎಂದು ಬರೆದೆ. ಜೊತೆಯ ಹುಡುಗರ ಅಪ್ಪಂದಿರು ಒಕ್ಕಲಿಗರು, ಅಂಗಡಿಕಾರರು, ಗುಮಾಸ್ತರು. ಕುಣಿಯಲ್ಲಿ ಕೂತವನ ಮಗ ಎನ್ನಲು ನಾಚಿಕೆ. ಅಪ್ಪ ಸಹಿ ಹಾಕುವ ಮೊದಲು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದ. "ವ್ಯಾಪಾರ ಅಂತ ಬರ್ದೀ. ಏನು ಮಾರ್ತೀನೋ ನಾ?" ಎಂದ. ಮತ್ತೇನೂ ಅನ್ನಲಿಲ್ಲ. ನಾನು ಹೊಡೆದು ಹಾಕಿ "ನೇಕಾರ" ಎಂದು ಬರೆದೆ. ಹೊಡೆದು ಹಾಕಿದ ಗುರುತು ಆ ಫಾರ್ಮಿನಲ್ಲಿ ಎದ್ದು ಕಾಣುತ್ತಿತ್ತು.

ಅಪ್ಪ ದೋಷವಿಲ್ಲದ ಮನುಷ್ಯನೇನಲ್ಲ. ತಂಬಾಕು ಅವನ ಜೀವ. ಮಗ್ಗದ ಬಲಗಡೆ ಸುಣ್ಣದ ಡಬ್ಬಿ, ತಂಬಾಕಿನ ಚೀಲ ಯಾವಾಗಲೂ ಇರಬೇಕು. ಇಡೀ ದಿನ ಒಂದೇ ಭಂಗಿಯಲ್ಲಿ ಕೂರುವವರಿಗೆ ಅದೊಂದು ಆಸರೆ ಎಂದು ಅವನ ವಾದ. ದುಡ್ಡಿಲ್ಲದ ದಿನವೂ ತಂಬಾಕಿಗೆ ದುಡ್ಡು ಹುಟ್ಟುತ್ತಿತ್ತು. ಅವ್ವ ಅದನ್ನು ಲೆಕ್ಕ ಹಾಕಿ ಹೇಳಿದರೆ ಸಿಟ್ಟು. ಎಪ್ಪತ್ತರ ದಶಕದಲ್ಲಿ ಇಳಕಲ್ ವಿಜಯ ಮಹಾಂತೇಶ ಮಠದ ಮಹಾಂತಪ್ಪಗಳು ಜೋಳಿಗೆ ಹಿಡಿದು ಹಳ್ಳಿಹಳ್ಳಿಗೆ ಹೊರಟದ್ದು ನಿಮಗೆ ಗೊತ್ತಿದೆ. ಹಣವನ್ನಲ್ಲ, ಕಾಳನ್ನಲ್ಲ, ನಿಮ್ಮ ದುಶ್ಚಟಗಳನ್ನು ನನ್ನ ಜೋಳಿಗೆಗೆ ಹಾಕಿ ಎಂದು ಬೇಡಿದ ಮಹಾಂತ ಜೋಳಿಗೆ ಅದು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ನಾವು ವ್ಯಸನಮುಕ್ತ ದಿನವೆಂದು ಆಚರಿಸುತ್ತೇವೆ. ಆ ಜೋಳಿಗೆ ನಮ್ಮ ಭಾಗಕ್ಕೂ ಬಂತು. ಅಪ್ಪ ಗುಂಪಿನ ಹಿಂದೆ ನಿಂತಿದ್ದ. ಅವ್ವ ಹೆಂಗಸರ ಗುಂಪಿನಿಂದ ಅವನನ್ನೇ ನೋಡುತ್ತಿದ್ದಳು. ಕಡೆಗೆ ಮುಂದೆ ಬಂದು ಡಬ್ಬಿ, ಚೀಲ ಎರಡನ್ನೂ ಹಾಕಿದ.

ಇಲ್ಲಿಗೆ ನಿಲ್ಲಿಸಿದರೆ ಚಂದದ ಕಥೆ. ಆದರೆ ಮೂರನೆಯ ದಿನಕ್ಕೆ ತಲೆಶೂಲೆ ಶುರುವಾಯಿತು. ಕೈ ನಡುಗಿ ಲಾಳಿ ತಪ್ಪುತ್ತಿತ್ತು, ಎಳೆ ಹರಿಯುತ್ತಿತ್ತು, ಸಿಟ್ಟಿಗೆ ನಮಗೆ ಏಟು ಬೀಳುತ್ತಿತ್ತು. ಒಂಬತ್ತನೆಯ ದಿನ ಬಣವೆಯ ಹಿಂದೆ ನಿಂತು ತಂಬಾಕು ತಿಕ್ಕುತ್ತಿದ್ದದ್ದನ್ನು ನಾನೇ ಕಂಡೆ. ನನ್ನನ್ನು ಕಂಡು ಉಗುಳಿದ. ಮರುದಿನ ಯಾರಿಗೂ ಹೇಳದೆ ನಡೆದುಕೊಂಡು ಮಠಕ್ಕೆ ಹೋಗಿ ಎರಡನೆಯ ಸಲ ಜೋಳಿಗೆಗೆ ಹಾಕಿ ಬಂದ. ಆಮೇಲೆ ಮುಟ್ಟಲಿಲ್ಲ. ಅವ್ವ ಹುರಿದ ಅಗಸಿ, ಅಜವಾನ ಒಂದು ಬಟ್ಟಲಲ್ಲಿ ಹಾಕಿ ಡಬ್ಬಿ ಇರುತ್ತಿದ್ದ ಜಾಗದಲ್ಲಿ ಇಡುತ್ತಿದ್ದಳು. ಬಟ್ಟಲು ಕಡೆಯವರೆಗೂ ಅಲ್ಲೇ ಇತ್ತು. ಚಟ ಬಿಡಿಸುವ ಕೆಲಸಕ್ಕೆ ಹೋಗುವ ತರುಣರಿಗೆ ನಾನು ಈ ಒಂಬತ್ತನೆಯ ದಿನದ ಮಾತನ್ನು ಹೇಳುತ್ತಿರುತ್ತೇನೆ. ಜೋಳಿಗೆಗೆ ಹಾಕಿದ ದಿನ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಒಂಬತ್ತನೆಯ ದಿನ ಅವನ ಮನೆಗೆ ಯಾರು ಹೋಗುತ್ತಾರೆ?

ಮುಂದೆ ವಿದ್ಯುತ್ ಮಗ್ಗ ಬಂತು. 1985ರಲ್ಲಿ ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಡುವ ಕಾಯ್ದೆಯೂ ಬಂತು. ಕಾಯ್ದೆ ದಿಲ್ಲಿಯಲ್ಲಿತ್ತು, ಖಟಪಟ ಸಪ್ಪಳ ನಮ್ಮ ಓಣಿಯಲ್ಲಿತ್ತು. ನಮ್ಮೂರಿನ ಮಗ್ಗಗಳು ಒಂದೊಂದಾಗಿ ನಿಂತವು. ಕುಣಿ ಮುಚ್ಚಿ ಫರಸಿ ಹಾಕಿದರು. ಅಪ್ಪ ಮುಚ್ಚಲಿಲ್ಲ. ನಾನು ನೌಕರಿ ಹಿಡಿದು, ಬಿಟ್ಟುಬಿಡಪ್ಪಾ ಎಂದರೆ, "ನಿನ್ನ ಪಗಾರದಾಗ ಉಣ್ತೀನಿ, ಆದ್ರ ಕುಂತು ಉಣ್ಣಾಂಗಿಲ್ಲ" ಎನ್ನುತ್ತಿದ್ದ. ಮಠಗಳ ಸಭೆಗಳಲ್ಲಿ ನಾವು ಗಣ್ಯರಿಗೆ ಹೊದಿಸುವ ಶಾಲುಗಳನ್ನು ನೋಡಿದಾಗ ನನಗೆ ಒಮ್ಮೊಮ್ಮೆ ಸಂಕಟವಾಗುತ್ತದೆ. ಎಲ್ಲಿಯೋ ಯಂತ್ರದಲ್ಲಿ ತಯಾರಾದ, ಯಾರೂ ಹೊದೆಯದ, ಮನೆಯ ಟ್ರಂಕಿನಲ್ಲಿ ಕೊಳೆಯುವ ಶಾಲು. ಆಗಸ್ಟ್ 7 ಕೈಮಗ್ಗ ದಿನ. ಅಂದು ಭಾಷಣ ಮಾಡುವ ಬದಲು ಒಂದು ವರ್ಷ ಮಠದ ಎಲ್ಲ ಸನ್ಮಾನಕ್ಕೂ ನಮ್ಮ ಕೈಮಗ್ಗದ ಒಂದು ವಸ್ತ್ರ, ಒಂದು ಟವೆಲ್ ಆದರೂ ಸರಿ, ಕೊಟ್ಟರೆ ಆಗದೇ? ಪೂಜ್ಯರ ಮುಂದೆ ಇದನ್ನು ಕೋರಿಕೆಯಾಗಿ ಇಟ್ಟಿದ್ದೇನೆ. ನನಗೂ ಈಗ ಒಂದು ಶಾಲು ಹೊದಿಸಿದ್ದೀರಿ, ಅದಕ್ಕೆ ಹೇಳಲು ಧೈರ್ಯ ಬಂತು.

2004ರ ಚಳಿಗಾಲ. ಅಪ್ಪ ಬೆಳಗಿನ ಪೂಜೆ ಮುಗಿಸಿ ಕುಣಿಗೆ ಇಳಿದ. ರೊಟ್ಟಿಯ ಹೊತ್ತಿಗೆ ಸಪ್ಪಳ ನಿಂತದ್ದು ಕೇಳಿ ಅವ್ವ ಬಂದು ನೋಡಿದರೆ, ಹಾಸಿನ ಮೇಲೆ ತಲೆ ಇಟ್ಟಿದ್ದ. ನಾನು ಊರು ಮುಟ್ಟುವಷ್ಟರಲ್ಲಿ ಅವನನ್ನು ಪದ್ಮಾಸನದಲ್ಲಿ ಕೂರಿಸಿ ವಿಭೂತಿ ಧರಿಸಿದ್ದರು. ಅಂಗೈಯಲ್ಲಿ ಲಿಂಗವಿಟ್ಟು ಕ್ರಿಯಾಸಮಾಧಿ ಮಾಡಿದೆವು.

ಮಣ್ಣು ಮುಗಿಸಿ ಬಂದ ಸಂಜೆಯೇ ಮಾತು ಶುರುವಾಯಿತು. ನಮ್ಮ ಬಳಗದ ಹಿರಿಯ ಹೆಂಗಸೊಬ್ಬಳು ಅವ್ವನ ಬಳೆ ಒಡೆಯಲು ಎದ್ದಳು. ಅವ್ವ ಕೈ ಹಿಂದೆ ಸೆಳೆದುಕೊಂಡಳು. "ಈ ಕೈಲೆ ಕೊಂಡಿ ಹಾಕೀನವ್ವಾ ನಲ್ವತ್ತೈದು ವರ್ಷ. ಬಳಿ ಅಡ್ಡ ಬಂದಿಲ್ಲ ಒಂದಿನಾನೂ. ಈಗ ಯಾರಿಗೆ ಅಡ್ಡ ಬಂದಾವು?" ಬಂದವರು ಸುಮ್ಮನಾದರು. ಕೆಲವರು ಊಟ ಮಾಡದೆ ಹೋದರು. ಲಿಂಗವಂತರಿಗೆ ಸೂತಕವಿಲ್ಲ ಎಂದು ನಾನು ಎಷ್ಟೋ ವೇದಿಕೆಯಲ್ಲಿ ಹೇಳಿದವನು, ಆ ಹೊತ್ತಿನಲ್ಲಿ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದೆ. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಹೇಳಿದವಳು ಅವ್ವ.

ಮಗ್ಗದ ಮೇಲೆ ಸೀರೆ ಅರ್ಧಕ್ಕೆ ನಿಂತಿತ್ತು. ಅದು ಒಂದು ಮದುವೆಗೆಂದು ಹೇಳಿ ಮಾಡಿಸಿದ ಸೀರೆ. ಹನ್ನೊಂದು ದಿನ ಮಗ್ಗ ಮುಟ್ಟಬಾರದು ಎಂದರು. ಮೂರನೆಯ ದಿನ ಅವ್ವ ಮಗ್ಗದ ಮೇಲಿನ ಬಟ್ಟೆ ಸರಿಸಿ, ಪಕ್ಕದ ಓಣಿಯ ನೇಕಾರನೊಬ್ಬನನ್ನು ಕರೆದು ಕೂರಿಸಿದಳು. "ನೂಲು ಮಂದಿದು, ದಿನಾ ಹೇಳಿಕೊಟ್ಟೇವಿ" ಎಂದಳು. ಅವನು ಉಳಿದದ್ದನ್ನು ನೇಯ್ದು ಮುಗಿಸಿದ. ಅವ್ವನೇ ನನ್ನ ಜೊತೆ ಸಾವ್ಕಾರರ ಅಂಗಡಿಗೆ ಬಂದಳು. ಈಗ ಗಾದಿಯ ಮೇಲೆ ಮಗ ಕುಳಿತಿದ್ದ, ಸಜ್ಜನ. ಸೀರೆ ನೋಡಿ ಅವನಿಗೆ ಇಕ್ಕಟ್ಟಾಯಿತು. ಸತ್ತ ಮನೆಯಿಂದ ಬಂದ ಸೀರೆ ಮದುವೆಗೆ ಹೇಗೆ ಎಂದು. "ಯಾರಿಗೂ ಹೇಳೂದು ಬ್ಯಾಡ ಬಿಡ್ರಿ, ಏನ್ ಗೊತ್ತಾಕೈತಿ" ಎಂದ. ಅವ್ವ ಒಪ್ಪಲಿಲ್ಲ. "ಮುಚ್ಚಿ ಕೊಡೂದು ಬ್ಯಾಡ. ಇದ್ದದ್ದು ಇದ್ದಾಂಗ ಹೇಳ್ರಿ. ಉಟ್ಟರ ಉಡ್ಲಿ, ಬಿಟ್ಟರ ಬಿಡ್ಲಿ."

ಅವನು ಹೇಳಿದ. ಅವರು ಬಿಟ್ಟರು. ವಿಭೂತಿ ಧರಿಸುವ, ವರ್ಷವರ್ಷ ಸಂಗಮಕ್ಕೆ ಹೋಗುವ ಮನೆತನವೇ ಅದು. ಬೇರೆ ಸೀರೆ ತೆಗೆದುಕೊಂಡು ಹೋದರು.

ಹೀಗೆ ಆ ಸೀರೆ ಉಳಿಯಿತು. ಅವ್ವ ಅದರ ನೂಲಿನ ಬೆಲೆ ಕೇಳಿದಳು. ನಾನು ಕೊಡುತ್ತೇನೆ ಎಂದು ಕಿಸೆಗೆ ಕೈ ಹಾಕಿದರೆ ಬೇಡವೆಂದಳು. ಕಂಡಿಕೆ ಸುತ್ತಿ, ಊರಿನ ಉಳಿದ ಎರಡು ಮಗ್ಗಗಳಿಗೆ ಕೊಂಡಿ ಹಾಕಿ, ಎಂಟು ತಿಂಗಳಲ್ಲಿ ತೀರಿಸಿದಳು. ಆ ಸೀರೆಯ ನೇಯ್ಗೆಯ ಕೂಲಿಯನ್ನು ಗೇಣಿನ ಲೆಕ್ಕದಲ್ಲಿ ಎರಡು ಪಾಲು ಮಾಡಿ, ಅಪ್ಪ ನೇಯ್ದಷ್ಟರದ್ದು ಮುಂಗಡದ ಬಾಕಿಗೆ ಜಮೆ, ಉಳಿದದ್ದು ಆ ನೇಕಾರನಿಗೆ ಎಂದು ಚೀಟಿಯಲ್ಲಿ ಬರೆಸಿದಳು. ಕೊಂಡಿಯ ಕೂಲಿ ಬೇರೆ ಸಾಲಿನಲ್ಲಿ, ತನ್ನ ಹೆಸರಿನಲ್ಲಿ. ಆ ಚೀಟಿ ನನ್ನ ಹತ್ತಿರ ಇದೆ.

2012ರಲ್ಲಿ ನನ್ನ ಮಗಳ ಮದುವೆಯಾಯಿತು, ಪೂಜ್ಯರ ಸನ್ನಿಧಿಯಲ್ಲಿ, ವಚನ ಹೇಳಿ, ಮುಹೂರ್ತ ನೋಡದೆ. ಮಗಳು ಉಟ್ಟದ್ದು ಆ ಸೀರೆ. ಬಳಗದಲ್ಲಿ ಇಬ್ಬರು ಮೂವರು ಮುಖ ತಿರುಗಿಸಿದರು. ಅವ್ವನಿಗೆ ಆಗ ಕಣ್ಣು ಮಂಜಾಗಿತ್ತು. ಮೊಮ್ಮಗಳನ್ನು ಹತ್ತಿರ ಕರೆದು ಒಡಲಿನ ಮೇಲೆ ಅಂಗೈ ಆಡಿಸುತ್ತ ಹೋದಳು. ಅಪ್ಪನ ಕೈ ಗಟ್ಟಿ, ಹಣಿಗೆ ಬಲವಾಗಿ ಬಡಿಯುತ್ತಿದ್ದ, ಅವನ ನೇಯ್ಗೆ ಒತ್ತು. ಆ ಇನ್ನೊಬ್ಬನ ಕೈ ತುಸು ಸಡಿಲು. ನೋಡಿದರೆ ಯಾರಿಗೂ ತಿಳಿಯುವುದಿಲ್ಲ. ಅವ್ವನ ಬೆರಳು ಒಂದು ಕಡೆ ನಿಂತಿತು.

"ಇಲ್ಲಿ ತನಕ ನಿಮ್ಮ ಮುತ್ಯಾ" ಎಂದಳು.